ಹುಳ ಯಾಕೋ ತಿನ್ನವಲ್ದು: ಮನೆಯಲ್ಲಿ ಪಾತರಗಿತ್ತಿ ಸಾಕುವವರಿಗೆ ದೋಷ ನಿವಾರಣೆ ಕೈಪಿಡಿ

ಹುಬ್ಬಳ್ಳಿ-ಧಾರವಾಡದ ಹಿತ್ತಲದಲ್ಲಿ ಹೆಚ್ಚು ಹುಡುಕದೆ ಸಿಗುವ ಹುಳಗಳು ಮೂರೋ ನಾಲ್ಕೋ. ಕರಿಬೇವು, ಲಿಂಬಿ, ಬಿಲ್ವಪತ್ರಿ ಗಿಡಗಳಲ್ಲಿ ನಿಂಬೆ ಚಿಟ್ಟೆಯ ಹುಳ ಇರುತ್ತದೆ. ಎಕ್ಕಿ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಹುಳ. ಕಣಗಿಲದ ಮೇಲೆ, ಮುಂದೆ ಬೆಳ್ಳಿಯ ಹಾಗೆ ಹೊಳೆಯುವ ಕೋಶ ಕಟ್ಟುವ ಹುಳ. ಔಡಲದ ಎಲೆಯಲ್ಲಿ ಮುಳ್ಳುಮುಳ್ಳಾದ ಹಸಿರು ಹುಳ. ಇಲ್ಲಿ ಹೇಳಿರುವುದು ಮುಖ್ಯವಾಗಿ ಕರಿಬೇವು ಮತ್ತು ಎಕ್ಕಿಯ ಹುಳಗಳ ಬಗ್ಗೆ. ಶಾಲೆಯ ಮಕ್ಕಳು ಡಬ್ಬಿಯಲ್ಲಿ ಹಾಕಿಕೊಂಡು ಬರುವುದು ಇವನ್ನೇ.

ಡಬ್ಬಿಯಲ್ಲಿ ದೋಷದಂತೆ ಕಾಣುವ ಬಹಳಷ್ಟು ಸಂಗತಿ ದೋಷವಲ್ಲ, ಬೆಳವಣಿಗೆಯ ಒಂದು ಹಂತ ಅಷ್ಟೇ. ನಿಜವಾಗಿ ಕೆಟ್ಟಾಗ ಕಾರಣ ಸಾಮಾನ್ಯವಾಗಿ ಎಲೆ, ಒದ್ದೆ ಇಲ್ಲವೇ ಗಾಳಿಯಲ್ಲಿನ ವಿಷ. ಈ ಮೂರನ್ನೂ ಖರ್ಚಿಲ್ಲದೆ ನಾವೇ ಸರಿಪಡಿಸಬಹುದು. ಉಳಿದವು ಹುಳದೊಳಗೇ ಬಂದ ಪರಾವಲಂಬಿ ಮತ್ತು ರೋಗ. ಇವಕ್ಕೆ ಮದ್ದಿಲ್ಲ, ಹುಡುಕುವುದೂ ಬೇಡ. ಆದ್ದರಿಂದ ಏನೇ ಕಂಡರೂ ಮೊದಲು ಎಲೆ ಬದಲಿಸಿ, ಡಬ್ಬಿ ಒರೆಸಿ, ಕೋಣೆಯಲ್ಲಿ ಸೊಳ್ಳೆಯ ಮಷಿನ್ ಹಚ್ಚಿದೆಯೇ ನೋಡಿ. ಆಮೇಲೆ ಮುಂದಿನದನ್ನು ಓದಿ.

ಮುಟ್ಟುವ ಮೊದಲು

ಮೈತುಂಬ ಕೂದಲಿರುವ ಹುಳವನ್ನು ಬರಿಗೈಯಲ್ಲಿ ಎತ್ತಬೇಡಿ. ನುಗ್ಗಿ ಗಿಡದ ಕಾಂಡದ ಮೇಲೆ ಗುಂಪುಗುಂಪಾಗಿ ಕೂರುವ ಕಂಬಳಿಹುಳ ಪತಂಗದ ಮರಿ, ಪಾತರಗಿತ್ತಿಯದಲ್ಲ. ಅದರ ಕೂದಲು ಚರ್ಮಕ್ಕೆ ಚುಚ್ಚಿಕೊಂಡರೆ ಉರಿ, ತುರಿಕೆ, ದದ್ದು. ಕೂದಲು ತಾಗಿದ ಜಾಗವನ್ನು ಉಜ್ಜಬಾರದು. ಅಂಟುಪಟ್ಟಿ ಹಚ್ಚಿ ಎಳೆದರೆ ಕೂದಲು ಕಿತ್ತುಬರುತ್ತದೆ. ಆಮೇಲೆ ಸಾಬೂನಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ, ಉಸಿರು ಕಟ್ಟಿದಂತಾದರೆ, ಮುಖ ಊದಿಕೊಂಡರೆ ತಡಮಾಡದೆ ದವಾಖಾನೆಗೆ ಹೋಗಿ. ಔಡಲದ ಮುಳ್ಳಿನ ಹುಳ ನೋಡಲು ಭಯಂಕರ, ಆದರೆ ಅದರ ಮುಳ್ಳು ಚುಚ್ಚುವುದಿಲ್ಲ. ಅದೇ ಗಿಡದಲ್ಲಿ ಗೊಂಡೆಗೊಂಡೆಯಾಗಿ ಮುಳ್ಳಿರುವ, ಕಾಲೇ ಇಲ್ಲದಂತೆ ಜಾರುತ್ತ ನಡೆಯುವ ದಪ್ಪ ಹಸಿರು ಹುಳ ಇದ್ದರೆ ಮುಟ್ಟಬೇಡಿ, ಅದು ಸುಡುತ್ತದೆ.

ಹುಳಕ್ಕಿಂತ ಎಕ್ಕಿಯ ಹಾಲು ಅಪಾಯಕಾರಿ. ಎಲೆ ಮುರಿದ ಕೈಯಲ್ಲಿ ಕಣ್ಣು ಒರೆಸಿಕೊಂಡರೆ ಕಣ್ಣಿನ ಕರಿಗುಡ್ಡೆಗೆ ಪೆಟ್ಟಾಗುತ್ತದೆ. ಎಷ್ಟೋ ಸಲ ನೋವಿಲ್ಲದೆ ಬರೀ ಮಂಜುಮಂಜಾಗಿ ಕಾಣುತ್ತದೆ, ಅದಕ್ಕೇ ಜನ ಅಲಕ್ಷ್ಯ ಮಾಡುತ್ತಾರೆ. ಸಾಕಷ್ಟು ಹೊತ್ತು ನೀರಿನಿಂದ ತೊಳೆದು ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಕಣಗಿಲ ಬೇರಿನಿಂದ ಹೂವಿನವರೆಗೆ ವಿಷ. ಮಗು ಅದರ ಎಲೆ ಅಗಿದಿದ್ದರೆ ಮನೆಮದ್ದು ಬೇಡ, ನೇರ ಆಸ್ಪತ್ರೆ.

ಕರಿಬೇವಿನ ಹುಳ ಮುಟ್ಟಿದಾಗ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಹೊರಹಾಕಿ ನಾತ ಬಿಡುತ್ತದೆ. ಅದು ಬರೀ ಹೆದರಿಸುವ ತಂತ್ರ, ಅದರಿಂದ ಅಪಾಯವಿಲ್ಲ.

“ತಿನ್ನವಲ್ದು, ಅಲುಗಾಡವಲ್ದು”

ಹೆಚ್ಚು ಜನ ಗಾಬರಿಯಾಗುವುದು ಇದಕ್ಕೇ, ಗಾಬರಿಗೆ ಕಾರಣ ಕಡಿಮೆ ಇರುವುದೂ ಇದರಲ್ಲೇ. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲ ಅದಕ್ಕೂ ಮುಂಚೆ ಒಂದು ಹಗಲೋ ರಾತ್ರಿಯೋ ತಿನ್ನುವುದನ್ನು ಬಿಟ್ಟು, ಎಲೆಯ ಮೇಲೆ ತೆಳ್ಳನೆ ನೂಲು ಹಾಸಿ, ಕಾಲು ಊರಿ ಕೂತುಬಿಡುತ್ತದೆ. ರೇಷ್ಮೆ ಬೆಳೆಯುವವರು ಹುಳ ಜ್ವರಕ್ಕೆ ಕೂತಿದೆ ಎನ್ನುವುದು ಇದನ್ನೇ. ಗುರುತು ಸುಲಭ: ತಲೆ ಮೈಗಿಂತ ಚಿಕ್ಕದಾಗಿ, ಮುಂದಕ್ಕೆ ತಳ್ಳಿದಂತೆ ಕಾಣುತ್ತದೆ, ಮೈ ಬಿಗಿದು ಹೊಳೆಯುತ್ತದೆ. ಆಗ ಕಿತ್ತು ಬೇರೆ ಎಲೆಗೆ ಹಾಕಿದರೆ ಹಿಡಿತ ತಪ್ಪಿ, ಹಳೆಯ ಪೊರೆ ಮೈಗೆ ಸಿಕ್ಕಿಕೊಂಡು ಸಾಯುತ್ತದೆ. ಎಲೆ ಬದಲಿಸಲೇಬೇಕಾದರೆ ಹುಳ ಕೂತಿರುವಷ್ಟು ತುಂಡನ್ನು ಕತ್ತರಿಸಿ, ಹೊಸ ಟೊಂಗೆಯ ಮೇಲೆ ಇಡಿ. ಪೊರೆ ಕಳಚಿದ ಮೇಲೆ ಅದನ್ನೇ ತಿನ್ನುತ್ತದೆ, ತಿನ್ನಲಿ. ಚಿಕ್ಕಂದಿನಲ್ಲಿ ಹಕ್ಕಿಹಿಕ್ಕೆಯಂತೆ ಕಂದು-ಬಿಳಿಯಾಗಿದ್ದ ಕರಿಬೇವಿನ ಹುಳ ಕೊನೆಯ ಪೊರೆ ಬಿಟ್ಟಾಗ ಹಚ್ಚಹಸಿರಾಗಿ ಬರುತ್ತದೆ. “ನಮ್ಮ ಹುಳ ಹೋಗಿ ಬೇರೆ ಯಾವುದೋ ಬಂದೈತಿ” ಎಂದು ಮಕ್ಕಳು ಹೇಳುವುದು ಆಗಲೇ.

ಎರಡು ದಿನ ಕಳೆದರೂ ತಲೆ ಚಿಕ್ಕದಾಗಿ ಕಾಣದೆ, ಬರೀ ಸುಮ್ಮನಿದ್ದರೆ ಎಲೆಯನ್ನು ನೋಡಿ. ಹುಬ್ಬಳ್ಳಿಯ ಮಾರ್ಚ್-ಏಪ್ರಿಲ್ ಬಿಸಿಲಿಗೆ ಮುರಿದ ಕರಿಬೇವು ಮಧ್ಯಾಹ್ನದೊಳಗೆ ಒಣಗುತ್ತದೆ, ಒಣಗಿದ್ದನ್ನು ಹುಳ ತಿನ್ನುವುದಿಲ್ಲ. ಟೊಂಗೆಯನ್ನು ಸಣ್ಣ ಬಾಟ್ಲಿಯ ನೀರಿನಲ್ಲಿ ನಿಲ್ಲಿಸಿ. ಬಾಟ್ಲಿಯ ಬಾಯಿಗೆ ಹತ್ತಿ ತುರುಕುವುದು ಮರೆಯಬೇಡಿ, ಹುಳ ಕಾಂಡದಗುಂಟ ಇಳಿದು ನೀರಲ್ಲಿ ಮುಳುಗುತ್ತದೆ. ಮೊಟ್ಟೆಯಿಂದ ಆಗಷ್ಟೇ ಬಂದ ಮರಿಗೆ ಬಲಿತ ಎಲೆ ಕಚ್ಚಲು ಆಗುವುದಿಲ್ಲ, ಎಳೆಚಿಗುರು ಕೊಡಿ.

ಗಿಡವೂ ಬದಲಾಗಬಾರದು. ಎಕ್ಕಿಯ ಹುಳಕ್ಕೆ ಕೋಸು ಕೊಟ್ಟರೆ ಉಪವಾಸವೇ ಸಾಯುತ್ತದೆ. ಲಿಂಬಿ, ಕರಿಬೇವು ಒಂದೇ ಕುಟುಂಬದ ಗಿಡಗಳು. ಆದರೂ ಲಿಂಬಿಯ ಮೇಲೆ ಬೆಳೆದ ಹುಳ ಕರಿಬೇವಿಗೆ ಮುಖ ತಿರುಗಿಸಬಹುದು. ಸಿಕ್ಕ ಗಿಡದ್ದೇ ಎಲೆ ಕೊಡುವುದು ಸುರಕ್ಷಿತ. ಯಾವ ಗಿಡದಲ್ಲಿ ಸಿಕ್ಕಿತೆಂದು ಗೊತ್ತಿಲ್ಲದ, ಗೋಡೆಯ ಮೇಲೆ ಹರಿಯುತ್ತಿದ್ದ ಹುಳವನ್ನು ಸಾಕಲು ತರಬೇಡಿ. ಡಿಸೆಂಬರ್-ಜನವರಿಯ ಧಾರವಾಡದ ಥಂಡಿಗೆ ಹುಳ ನಿಧಾನವಾಗುವುದು ಸಹಜ. ಅದಕ್ಕೆಂದು ದೀಪದ ಕೆಳಗೆ ಇಡುವುದು ಬೇಡ.

“ಡಬ್ಬಿ ತುಂಬ ಓಡ್ಯಾಡಾಕತ್ತೈತಿ”

ಹುಳ ಚಿಕ್ಕದಿದ್ದರೆ ಹಸಿವು. ಎಲೆ ಕೊಡಿ, ನಿಲ್ಲುತ್ತದೆ.

ಬೆರಳಿನಷ್ಟು ಬೆಳೆದಿದ್ದರೆ ಹುಳ ಹಣ್ಣಾಗಿದೆ, ಕೋಶ ಕಟ್ಟಲು ಜಾಗ ಹುಡುಕುತ್ತಿದೆ. ಇದಕ್ಕೂ ಮುಂಚೆ ಹೊಟ್ಟೆ ಖಾಲಿ ಮಾಡುತ್ತ ಒಂದು ಸಲ ಹಸಿಹಸಿಯಾದ ದೊಡ್ಡ ಹಿಕ್ಕೆ ಹಾಕುತ್ತದೆ. ಮೈ ಕುಗ್ಗುತ್ತದೆ, ಬಣ್ಣ ಮಾಸುತ್ತದೆ. ಭೇದಿ ಎಂದು ಹೆದರಬೇಡಿ. ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿದ ಒರಟು ಕಡ್ಡಿ ಒಂದೆರಡು ಇರಲಿ. ಕರಿಬೇವಿನ ಹುಳ ಕಡ್ಡಿಗೆ ಬಾಲದ ತುದಿ ಅಂಟಿಸಿ, ಸೊಂಟಕ್ಕೆ ನೂಲಿನ ಪಟ್ಟಿ ಕಟ್ಟಿ, ತಲೆ ಮೇಲಾಗಿ ಒರಗುತ್ತದೆ. ಎಕ್ಕಿಯದು ಮುಚ್ಚಳದಿಂದ ತಲೆಕೆಳಗಾಗಿ ಕೊಕ್ಕೆಯಂತೆ ಜೋತು ಬೀಳುತ್ತದೆ. ಆ ಒಂದು ದಿನ ಡಬ್ಬಿ ತೆರೆಯದಿದ್ದರೆ ಒಳ್ಳೆಯದು.

“ಹಿಕ್ಕೆ ನೀರಾಗೈತಿ, ಡಬ್ಬಿ ನಾರಾಕತ್ತೈತಿ”

ಆರೋಗ್ಯವಾಗಿರುವ ಹುಳದ ಹಿಕ್ಕೆ ಕಾಳುಕಾಳಾಗಿ, ಒಣಗಿದಂತೆ ಇರುತ್ತದೆ. ಕಾಗದ ಅಲುಗಿಸಿದರೆ ಉರುಳುತ್ತದೆ. ಕಾಗದಕ್ಕೆ ಮೆತ್ತಿಕೊಂಡರೆ ಮೊದಲ ಅನುಮಾನ ಒದ್ದೆಯ ಮೇಲೆ. ಧಾರವಾಡದಲ್ಲಿ ಜೂನ್‌ನಿಂದ ಹಿಡಿಯುವ ಜಿಟಿಜಿಟಿ ಮಳೆಯಲ್ಲಿ ಎಲೆ ಕಿತ್ತ ಹಾಗೇ ಹಾಕಿ ಮುಚ್ಚಳ ಬಿಗಿದರೆ ಪ್ಲಾಸ್ಟಿಕ್ ಡಬ್ಬಿಯ ಗೋಡೆಗೆಲ್ಲ ನೀರಹನಿ. ಹಿಕ್ಕೆಗೆ ಬೂಷ್ಟು, ಬೂಷ್ಟಿನಿಂದ ರೋಗ. ಎಲೆಯನ್ನು ಅರಿವೆಯಿಂದ ಒರೆಸಿ ಹಾಕಿ. ಮುಚ್ಚಳ ತೆಗೆದು ತೆಳ್ಳನೆ ಬಟ್ಟೆ ಕಟ್ಟಿ. ತಳಕ್ಕೆ ಕಾಗದ ಹಾಸಿ ದಿನಾ ಬದಲಿಸಿ. ಹುಳಕ್ಕೆ ನೀರು ಚಿಮುಕಿಸುವ ರೂಢಿ ಇದ್ದರೆ ಬಿಡಿ, ಅದಕ್ಕೆ ಬೇಕಾದ ನೀರು ಎಲೆಯಲ್ಲೇ ಇದೆ.

ಗುಂಪು ಜಾಸ್ತಿಯಾಗಿದ್ದರೂ ಇದೇ ಲಕ್ಷಣ. ಊಟದ ಡಬ್ಬಿಯಷ್ಟು ಜಾಗದಲ್ಲಿ ಎರಡು ಮೂರು ದೊಡ್ಡ ಹುಳಕ್ಕಿಂತ ಹೆಚ್ಚು ಬೇಡ. ಎಕ್ಕಿಯ ಹುಳಗಳಂತೂ ಇಕ್ಕಟ್ಟಾಗಿ ಹಸಿದಾಗ ಒಂದನ್ನೊಂದು ತಿನ್ನುವುದುಂಟು. ಕುಂಡದಲ್ಲಿನ ಕರಿಬೇವು ಒಂದು ಹುಳ ಹೊರೆಯುವುದೇ ದೊಡ್ಡದು. ಬೋಳಾದ ಗಿಡ ನೋಡಿ ಅವ್ವ ಬೈದರೆ ತಪ್ಪು ಅವ್ವನದಲ್ಲ.

ಒಣಗಿಸಿ, ಜಾಗ ಮಾಡಿಕೊಟ್ಟು ಎರಡು ದಿನವಾದರೂ ಹಿಕ್ಕೆ ಗಟ್ಟಿಯಾಗದಿದ್ದರೆ ಆ ಹುಳವನ್ನು ಬೇರೆ ಡಬ್ಬಿಗೆ ಹಾಕಿ.

“ಹಸಿರು ನೀರು ಕಾರಿ ಒದ್ದಾಡಾಕತ್ತೈತಿ”

ಬೆಳಿಗ್ಗೆ ಚೆನ್ನಾಗಿ ತಿನ್ನುತ್ತಿದ್ದ ಹುಳ ಸಂಜೆಗೆ ಹಸಿರು ಕಾರಿಕೊಂಡು, ಮೈ ತಿರುಚುತ್ತ ಮಗ್ಗುಲಿಗೆ ಬಿದ್ದಿದ್ದರೆ, ಅದರಲ್ಲೂ ಡಬ್ಬಿಯಲ್ಲಿರುವ ಎಲ್ಲ ಹುಳಗಳೂ ಒಟ್ಟಿಗೆ ಹೀಗಾಗಿದ್ದರೆ, ಅದು ವಿಷ. ರೋಗ ಒಂದಾದ ಮೇಲೊಂದನ್ನು ಹಿಡಿಯುತ್ತದೆ, ವಿಷ ಎಲ್ಲವನ್ನೂ ಒಂದೇ ಏಟಿಗೆ. ಈ ಒಂದು ವ್ಯತ್ಯಾಸ ನೆನಪಿಟ್ಟರೆ ಅರ್ಧ ಪತ್ತೆ ಮುಗಿಯಿತು.

ಎಲೆ ಎಲ್ಲಿಂದ ಬಂತು? ಸಂತೆಯ ಕರಿಬೇವಾದರೆ ಹೆಚ್ಚು ಯೋಚಿಸಬೇಕಿಲ್ಲ. ಮಾರಾಟಕ್ಕೆ ಬೆಳೆಯುವ ಕರಿಬೇವಿಗೆ ಔಷಧ ಹೊಡೆದಿರುತ್ತಾರೆ, ಹುಳ ಬೀಳಬಾರದೆಂದೇ ಹೊಡೆದಿರುತ್ತಾರೆ. ತೊಳೆದರೆ ಮೇಲಿನದು ಹೋದೀತು, ಆದರೆ ಗಿಡದ ರಸದೊಳಗೆ ಹರಿಯುವ ಔಷಧಗಳಿವೆ, ಅವು ನೀರಿಗೆ ಹೋಗುವುದಿಲ್ಲ. ನರ್ಸರಿಯಿಂದ ತಂದ ಹೊಸ ಗಿಡಕ್ಕೂ ಇದೇ ಮಾತು. ಕೆಲವು ವಾರ ಬಿಟ್ಟು, ಅಲ್ಲೇ ಬಂದ ಹೊಸ ಚಿಗುರನ್ನು ಮಾತ್ರ ಬಳಸಿ. ಹೊಲದ ಬದುವಿನ ಎಕ್ಕಿಯಾದರೆ ಪಕ್ಕದ ಹೊಲದಲ್ಲಿ ಏನಿದೆ ನೋಡಿ. ಹಾವೇರಿ ಕಡೆ ಹತ್ತಿ, ಬ್ಯಾಡಗಿ ಮೆಣಸಿನಕಾಯಿಗೆ ಔಷಧ ಹೊಡೆಯುವ ಕಾಲದಲ್ಲಿ ಗಾಳಿ ಅದನ್ನು ಬದುವಿಗೂ ತರುತ್ತದೆ. ರಸ್ತೆಬದಿಯಲ್ಲಿ, ಕಾಲನಿಯ ಖಾಲಿ ಜಾಗದಲ್ಲಿ ಬೆಳೆದ ಎಕ್ಕಿ ವಾಸಿ, ಸೊಳ್ಳೆಯ ಹೊಗೆ ಬಿಟ್ಟ ವಾರದ ಹೊರತು.

ಎಲೆ ನಿರ್ದೋಷಿಯಾದರೆ ಕೋಣೆಯನ್ನು ನೋಡಿ. ಗೋಡೆಗೆ ಚುಚ್ಚುವ ಸೊಳ್ಳೆಯ ಮಷಿನ್, ಕಾಯಿಲ್, ಇರುವೆಗೆ ಗೀಚುವ ಸೀಮೆಸುಣ್ಣ, ನಾಯಿಗೆ ಹಚ್ಚಿದ ಉಣ್ಣೆಯ ಔಷಧ, ನಿಮ್ಮ ಕೈಗೇ ಹಚ್ಚಿಕೊಂಡ ಸೊಳ್ಳೆ ಕ್ರೀಮು, ಇವೆಲ್ಲ ಕೀಟವನ್ನು ಕೊಲ್ಲಲು ಇಲ್ಲವೇ ಓಡಿಸಲು ಮಾಡಿದವೇ. ಹುಳ ಸೊಳ್ಳೆಯಲ್ಲ ಎಂಬುದು ಅವಕ್ಕೆ ಗೊತ್ತಾಗುವುದಿಲ್ಲ. ಔಷಧ ಸವರಿದ ಸೊಳ್ಳೆ ಪರದೆ ಎಂಬುದೂ ಒಂದಿದೆ. ಅದನ್ನು ಕತ್ತರಿಸಿ ಡಬ್ಬಿಗೆ ಕಟ್ಟಿದರೆ ಹುಳ ಪರದೆ ಮುಟ್ಟಿದಾಗಲೆಲ್ಲ ವಿಷ ಮುಟ್ಟುತ್ತದೆ. ಬಟ್ಟೆ ಅಂಗಡಿಯ ಸಾದಾ ನೆಟ್ಟು ಸಾಕು. ಬೇವಿನೆಣ್ಣೆ ಸಿಂಪಡಿಸಿದ ಗಿಡದ ಎಲೆಯೂ ಬೇಡ. ಅದು ನೈಸರ್ಗಿಕ ಹೌದು, ಹುಳದ ಬಾಯಿಗೆ ವಿಷವೂ ಹೌದು.

ಮಾಡಬೇಕಾದ್ದು ಇಷ್ಟೇ: ಗಾಳಿಯಾಡುವ ಬೇರೆ ಜಾಗ, ತೊಳೆದ ಡಬ್ಬಿ, ನಂಬಿಕೆಯ ಗಿಡದ ಎಲೆ. ಹೊಸ ಮೂಲದ ಎಲೆಯನ್ನು ಮೊದಲು ಒಂದೇ ಹುಳಕ್ಕೆ ಒಂದು ದಿನ ಕೊಟ್ಟು ನೋಡಿ, ಆಮೇಲೆ ಉಳಿದವಕ್ಕೆ. ಬಿದ್ದ ಹುಳ ಮರುದಿನ ಕಾಲು ಊರಿದರೆ ಬದುಕಿತು. ಔಷಧದ ಎಲೆ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಿ, ಆ ಎಲೆಯನ್ನು ಆಡು-ಆಕಳಿಗೂ ಹಾಕಬೇಡಿ.

“ಕರ್ರಗಾಗಿ ಜೋತು ಬಿದ್ದೈತಿ”

ಹುಳ ಟೊಂಗೆಯ ತುದಿಗೆ ಹೋಗಿ, ಹಿಂಗಾಲು ಮಾತ್ರ ಹಿಡಿದು ಮೆತ್ತಗೆ ಜೋತುಬಿದ್ದು, ಮುಟ್ಟಿದರೆ ಚರ್ಮ ಒಡೆದು ಕಂದು ರಸ ಸುರಿದರೆ ಅದು ವೈರಸ್ ರೋಗ. ರೇಷ್ಮೆ ಹುಳಕ್ಕೆ ಬರುವ ಹಾಲುತೊಂಡೆ ರೋಗ ಇದೇ ಬಳಗದ್ದು. ಇದು ಮನುಷ್ಯರಿಗೆ ಅಂಟುವುದಿಲ್ಲ. ಉಳಿದ ಹುಳಗಳಿಗೆ ಮಾತ್ರ ಆ ರಸದ ಒಂದು ಹನಿ ಬಿದ್ದ ಎಲೆಯೇ ಸಾಕು.

ಇಲ್ಲಿ ಉಪಚಾರದ ಮಾತಿಲ್ಲ. ಸತ್ತದ್ದನ್ನು ಎಲೆ, ಕಾಗದ ಸಮೇತ ಸುತ್ತಿ ಗಿಡಗಳಿಂದ ದೂರ ಹೂತುಬಿಡಿ ಇಲ್ಲವೇ ಸುಡಿ. ಡಬ್ಬಿಯನ್ನು ಬ್ಲೀಚಿಂಗ್ ಪೌಡರ್ ಕಲಸಿದ ನೀರಲ್ಲಿ ತೊಳೆದು, ಕಟುಬಿಸಿಲಿಗೆ ಒಣಗಿಸಿ. ಬ್ಲೀಚಿಂಗ್ ಪೌಡರ್ ಜೊತೆ ಸಂಡಾಸ ತೊಳೆಯುವ ಆ್ಯಸಿಡ್ ಸೇರಿಸಬೇಡಿ, ಎದೆ ಸುಡುವ ವಿಷಗಾಳಿ ಏಳುತ್ತದೆ. ಜೊತೆಗಿದ್ದ ಹುಳಗಳನ್ನು ಒಂದೊಂದಾಗಿ ಬೇರೆ ಡಬ್ಬಿಗೆ ಹಾಕಿ. ಅವನ್ನು ಹಿತ್ತಲದ ಬೇರೆ ಗಿಡಕ್ಕೆ ಬಿಟ್ಟು ರೋಗ ಹಂಚಬೇಡಿ. ಎರಡನೇ ಸಲವೂ ಹೀಗೇ ಆದರೆ ಆ ಹಂಗಾಮಿಗೆ ಸಾಕುವುದನ್ನು ನಿಲ್ಲಿಸುವುದೇ ಸರಿ. ಬೆಳೆಯ ಹುಳಗಳ ರೋಗವನ್ನೇ ನೋಡುವ ಕೀಟಶಾಸ್ತ್ರದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದಾರೆ. ಕೇಳಲು ಹೋಗುವುದಾದರೆ ಒಳ್ಳೆಯ ಫೋಟೊ, ಗಿಡದ ಹೆಸರು, ಲಕ್ಷಣ ಕಂಡ ತಾರೀಖು ಜೊತೆಗಿರಲಿ.

“ಮೈಮ್ಯಾಲ ಬಿಳೀ ಕಾಳು ಬಂದಾವ”

ಅಕ್ಕಿನುಚ್ಚಿನಷ್ಟು ಬಿಳಿಯ ಗೂಡುಗಳು ಹುಳದ ಮೈಗೆ ಅಂಟಿದ್ದರೆ ಅವು ಮೊಟ್ಟೆಯಲ್ಲ. ಸಣ್ಣ ಕಣಜವೊಂದು ಎಂದೋ ಹುಳದೊಳಗೆ ಮೊಟ್ಟೆ ಚುಚ್ಚಿ ಹೋಗಿತ್ತು. ಮರಿಗಳು ಒಳಗೇ ತಿಂದು, ಬೆಳೆದು, ಹೊರಬಂದು ನೂಲು ಸುತ್ತಿಕೊಂಡಿವೆ. ಕಿತ್ತುಹಾಕಿ ಹುಳವನ್ನು ಉಳಿಸೋಣ ಅನಿಸುತ್ತದೆ, ಉಳಿಯುವುದಿಲ್ಲ. ಇನ್ನೊಂದು ಬಗೆ ನೊಣದ್ದು. ಹುಳದಿಂದ ಅಥವಾ ಕೋಶದಿಂದ ಬಿಳಿ ಮರಿಯೊಂದು ಅಂಟುದಾರ ಬಿಡುತ್ತ ಕೆಳಗಿಳಿದು, ಡಬ್ಬಿಯ ತಳದಲ್ಲಿ ಕಂದು ಬಣ್ಣದ ಗುಳಿಗೆಯಾಗಿ ಕೂರುತ್ತದೆ. ರೇಷ್ಮೆಯವರ ಶತ್ರು ಊಜಿ ನೊಣ ಇದರ ನೆಂಟ.

ಬೆಳೆದ ಹುಳವನ್ನು ಗಿಡದಿಂದ ತಂದರೆ ಈ ಅತಿಥಿ ಒಳಗೆ ಕೂತೇ ಬಂದಿರುವ ಸಾಧ್ಯತೆ ಹೆಚ್ಚು. ಮೊಟ್ಟೆಯನ್ನೇ ತಂದು, ಸಣ್ಣ ಕಣ್ಣಿನ ಬಟ್ಟೆ ಕಟ್ಟಿ ಸಾಕಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹೊರಬಂದ ಕಣಜವನ್ನು ಹೊಸಕುವವರಿದ್ದಾರೆ. ನನ್ನ ಮಟ್ಟಿಗೆ ಅದನ್ನು ಕಿಟಕಿಯಾಚೆ ಬಿಡುವುದೇ ನ್ಯಾಯ. ಗದಗಿನ ಎರಿ ಹೊಲದ ಕಡಲೆಯಲ್ಲಿ ಕಾಯಿಕೊರಕದ ಹುಳವನ್ನು ಕೊಲ್ಲುವುದು ಇಂಥದೇ ಕಣಜಗಳು. ಅಲ್ಲಿ ಅವು ರೈತನ ಮಿತ್ರ, ಇಲ್ಲಿ ಮಾತ್ರ ವೈರಿ ಎನ್ನುವುದು ಹೇಗೆ?

“ಕೋಶ ಬಿದ್ದೈತಿ”, “ಕೋಶ ಕಪ್ಪಾಗೈತಿ”, “ಇನ್ನೂ ಒಡದಿಲ್ಲ”

ಬಿದ್ದದ್ದು ಸತ್ತದ್ದಲ್ಲ. ಒಡೆದು ರಸ ಸೋರದಿದ್ದರೆ ಬದುಕುವ ಆಸೆ ಇದೆ. ಶೇಂಗಾ ಕಟ್ಟಿಕೊಡುವ ಹಾಗೆ ಕಾಗದವನ್ನು ಸುರುಳಿ ಸುತ್ತಿ, ಕರಿಬೇವಿನ ಹುಳದ ಕೋಶವನ್ನು ತಲೆ ಮೇಲಾಗಿ ಅದರಲ್ಲಿ ಇಳಿಸಿ, ಗೋಡೆಗೆ ಅಂಟಿಸಿ. ಎಕ್ಕಿಯ ಹುಳದ ಕೋಶಕ್ಕೆ ತುದಿಯಲ್ಲಿ ಕಪ್ಪು ತೊಟ್ಟಿದೆ, ಅದಕ್ಕೆ ದಾರ ಕಟ್ಟಿ ತೂಗುಬಿಡಿ. ಅದೂ ಆಗದಿದ್ದರೆ ಒರಟು ಬಟ್ಟೆಯ ಮೇಲೆ ಮಲಗಿಸಿ, ಪಕ್ಕದಲ್ಲೇ ಹತ್ತಲು ಕಡ್ಡಿ ಒರಗಿಸಿಡಿ.

ಕೋಶ ಹಸಿರೋ ಕಂದೋ ಎಂಬುದರಿಂದ ಆರೋಗ್ಯ ತಿಳಿಯುವುದಿಲ್ಲ. ಕರಿಬೇವಿನ ಹುಳ ಸುತ್ತಲಿನದಕ್ಕೆ ಹೊಂದುವ ಬಣ್ಣ ತಾಳುತ್ತದೆ. ಕಪ್ಪಾದರೆ ಬೆಳಕಿಗೆ ಹಿಡಿದು ನೋಡಿ. ಸಿಪ್ಪೆ ತೆಳ್ಳಗಾಗಿ ಒಳಗೆ ರೆಕ್ಕೆಯ ಚಿತ್ತಾರ ಕಂಡರೆ ನಾಳೆ ಬೆಳಿಗ್ಗೆ ಬೇಗ ಏಳಿ. ಚಿತ್ತಾರವಿಲ್ಲದೆ ಮಸಿಯಂತೆ ಕಪ್ಪಾಗಿ, ಮೆತ್ತಗಾಗಿ, ವಾಸನೆ ಬಂದರೆ ಅದು ಹೋಯಿತು. ಗುಂಡುಸೂಜಿ ಚುಚ್ಚಿದಂಥ ತೂತಿದ್ದರೆ ಒಳಗಿದ್ದವರು ಕಣಜಗಳು, ಆಗಲೇ ಹೊರಟಿದ್ದಾರೆ.

ತಡದ ಬಗ್ಗೆ: ಬೆಚ್ಚನೆಯ ದಿನಗಳಲ್ಲಿ ಒಂದೂವರೆ ವಾರದ ಆಸುಪಾಸು ಸಾಕು, ಚಳಿಯಲ್ಲಿ ಇನ್ನೂ ಬಹಳ ಹಿಡಿದೀತು. ಬಣ್ಣ ಕೆಡದೆ, ಗಟ್ಟಿಯಾಗಿದ್ದರೆ ಕಾಯಿರಿ. ಸಿಪ್ಪೆ ಬಿಡಿಸಿ ಸಹಾಯ ಮಾಡಲು ಹೋಗುವುದು ಕೊಲ್ಲುವುದಕ್ಕೆ ಸಮ.

“ರೆಕ್ಕಿ ಬಿಚ್ಚವಲ್ದು”

ಹೊರಬಂದಾಗ ಎಲ್ಲ ಪಾತರಗಿತ್ತಿಯ ರೆಕ್ಕೆಯೂ ಮುದುಡಿಯೇ ಇರುತ್ತದೆ. ಜೋತುಬಿದ್ದು, ಹೊಟ್ಟೆಯಿಂದ ರಸ ಒತ್ತಿ, ಅರ್ಧ ತಾಸಿನೊಳಗೆ ರೆಕ್ಕೆ ಹರಡುತ್ತದೆ. ಒಣಗಿ ಗಟ್ಟಿಯಾಗಲು ಇನ್ನೂ ಎರಡು ಮೂರು ತಾಸು. ಆಗ ತೊಟ್ಟಿಕ್ಕುವ ಕೆಂಪು ಅಥವಾ ಕಂದು ನೀರು ರಕ್ತವಲ್ಲ, ಕೋಶದಲ್ಲಿ ಉಳಿದ ಕಲ್ಮಶ. ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದರೆ ಕಡ್ಡಿ ಮುಂದೆ ಹಿಡಿಯಿರಿ, ತಾನೇ ಹತ್ತುತ್ತದೆ. ರೆಕ್ಕೆ ಹಿಡಿದು ಎತ್ತಬೇಡಿ.

ನಿಂಬೆ ಚಿಟ್ಟೆಯ ರೆಕ್ಕೆಯ ಹರವು 8ರಿಂದ 10 ಸೆಂಟಿಮೀಟರ್. ಕೋಶದ ಸುತ್ತ, ಕೆಳಗೆ ಅಷ್ಟಾದರೂ ಖಾಲಿ ಇರದಿದ್ದರೆ ರೆಕ್ಕೆ ಗೋಡೆಗೆ ತಾಗಿ ಸೊಟ್ಟಗೇ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದದ್ದು ಮತ್ತೆ ನೆಟ್ಟಗಾಗುವುದಿಲ್ಲ. ಅಂಥದ್ದಕ್ಕೆ ಹೂವು, ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ ಇಟ್ಟು, ಇರುವಷ್ಟು ದಿನ ಇಟ್ಟುಕೊಳ್ಳಬಹುದು. ಚೆನ್ನಾಗಿ ಹಾರುವುದನ್ನು ಮಳೆಯಿಲ್ಲದ ಬೆಳಿಗ್ಗೆ, ಬಿಸಿಲೇರಿದ ಮೇಲೆ, ಮೊಟ್ಟೆ ಸಿಕ್ಕ ಜಾಗದಲ್ಲೇ ಬಿಡಿ.

“ನಿನ್ನಿ ಇದ್ದ ಹುಳ ಇವತ್ತಿಲ್ಲ”

ಡಬ್ಬಿ ಬೇಡ, ಗಿಡದಲ್ಲೇ ನೋಡುತ್ತೇನೆ ಎನ್ನುವವರ ದೂರು ಇದು. ಮೊದಲು ನೆಲ ನೋಡಿ. ಗಿಡದ ಕೆಳಗೆ ಹಸಿ ಹಿಕ್ಕೆ ಇದ್ದರೆ ಹುಳ ಮೇಲೆಯೇ ಇದೆ, ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಷ್ಟೇ. ರಾತ್ರಿ ಟಾರ್ಚ್ ಹಿಡಿದು ಎಲೆಯ ಅಡಿಭಾಗ ಹುಡುಕಿ, ಹಾವು-ಚೇಳಿನ ಭಯ ಇರುವ ಹಿತ್ತಲದಲ್ಲಿ ಕಾಲಿಗೆ ಬೂಟು ಹಾಕಿಕೊಂಡು. ಬೆಳೆದ ಹುಳವಾಗಿದ್ದರೆ ಕೋಶ ಕಟ್ಟಲು ಗಿಡ ಬಿಟ್ಟು ಹೋಗಿರಬಹುದು. ಕಂಪೌಂಡ್ ಗೋಡೆಯ ಒಳಮಗ್ಗುಲು, ಕಿಟಕಿಯ ಸಜ್ಜದ ಕೆಳಗೆ, ತುಳಸಿಕಟ್ಟೆಯ ಬದಿ ನೋಡಿ.

ಒಣ ತೊಗಲು ಮಾತ್ರ ಜೋತಿದ್ದರೆ ರಸ ಹೀರಿದ್ದು ಜೇಡ ಇಲ್ಲವೇ ತಿಗಣೆಜಾತಿಯ ಕೀಟ. ಗುರುತೇ ಇಲ್ಲದೆ ಮಾಯವಾದರೆ ಪಿಕಳಾರ, ಓತಿಕ್ಯಾತ ಅಥವಾ ಕಣಜ. ಸಜ್ಜದ ಕೆಳಗೆ ಕಾಗದದಂಥ ಗೂಡು ಕಟ್ಟುವ ಕಣಜ ಹುಳವನ್ನು ಅಲ್ಲೇ ಅಗಿದು ಉಂಡೆ ಮಾಡಿ ಮರಿಗಳಿಗೆ ಒಯ್ಯುತ್ತದೆ. ನೋಡಲು ಸಿಕ್ಕರೆ ಹುಳ ಹೋದ ಬೇಸರ ಮರೆಯುವಷ್ಟು ಸೊಗಸಾದ ಕೆಲಸ. ಆ ಗೂಡಿಗೆ ಕೋಲು ಹಾಕಬೇಡಿ. ಅನೇಕ ಕಣಜ ಒಟ್ಟಿಗೆ ಕಚ್ಚಿದರೆ, ಕಚ್ಚಿದ ಮೇಲೆ ಉಸಿರಾಟ ಬಿಗಿದರೆ ದವಾಖಾನೆಯ ದಾರಿಯೇ ಹಿಡಿಯಬೇಕು.

ಇರುವೆ ಕಂಡ ಕೂಡಲೇ ಇರುವೆಯೇ ಕಳ್ಳ ಎನ್ನಲಾಗದು. ಕುಂಡದ ಸೈಕಸ್ ಗಿಡದ ಎಳೆ ಸುಳಿಯಲ್ಲಿ ಬೆಳೆಯುವ ಪುಟ್ಟ ನೀಲಿ ಚಿಟ್ಟೆಯ ಹುಳ ಸಿಹಿರಸ ಒಸರುತ್ತದೆ, ಇರುವೆಗಳು ಅದನ್ನು ನೆಕ್ಕುತ್ತ ಕಾವಲು ಕಾಯುತ್ತವೆ. ಕರಿಬೇವು, ಎಕ್ಕಿಯ ಹುಳಕ್ಕೆ ಆ ಒಪ್ಪಂದವಿಲ್ಲ. ಅಲ್ಲಿ ಕುಂಡವನ್ನು ನೀರಿನ ತಾಟಿನಲ್ಲಿ ಇಟ್ಟಿಗೆಯ ಮೇಲೆ ಇಡಿ, ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾದೀತು. ಒಂದು ಟೊಂಗೆಯನ್ನಾದರೂ ಉಳಿಸಿಕೊಳ್ಳಬೇಕೆಂದರೆ ಸಾದಾ ನೆಟ್ಟಿನ ಚೀಲ ಹಾಕಿ ಎರಡೂ ತುದಿ ಕಟ್ಟಿ.

ಹಿತ್ತಲದಲ್ಲಿ ಹುಳವಿಲ್ಲವೆಂದು ಕಪ್ಪತಗುಡ್ಡಕ್ಕೋ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೋ ಹೋಗಿ ಡಬ್ಬಿಯಲ್ಲಿ ತುಂಬಿ ತರುವಂತಿಲ್ಲ. ಅಲ್ಲಿಂದ ಏನನ್ನೂ ತರುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಚಿಟ್ಟೆಗಳೂ ಇವೆ. ಅದರ ಬದಲು ಜೂನ್‌ನ ಮೊದಲ ಮಳೆಗೆ ಒಂದು ಕರಿಬೇವಿನ ಸಸಿ ಹಚ್ಚಿ, ಔಷಧ ಹೊಡೆಯದೆ ಬಿಡಿ. ಎಳೆಚಿಗುರಿನ ತುದಿಯಲ್ಲಿ ತಿಳಿಹಳದಿಯ ದುಂಡನೆ ಮೊಟ್ಟೆ ಹುಡುಕಿ. ಒಂದೊಂದೇ ಬಿಡಿಬಿಡಿಯಾಗಿ ಇಟ್ಟಿರುತ್ತದೆ, ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ.